ಮನೇಲಿರೋ ಸಿನಿಮಾ ಸಿಡಿ, ಡಿವಿಡಿಗಳನ್ನ ಹಾಳಾಗೋ ಮುಂಚೆ ಕಂಪ್ಯೂಟರಿಗೆ ಇಳಿಸ್ಕೊಳ್ಳೋದು ಹೇಗೆ

ಶೋಕೇಸಿನ ಕೆಳಗಡೆ ಖಾನೆಯಲ್ಲೋ ಅಟ್ಟದ ಮೇಲೆ ಹಾಕಿರೋ ರಟ್ಟಿನ ಡಬ್ಬದಲ್ಲೋ ಸಿನಿಮಾ ಸಿಡಿ ಕಟ್ಟು ಇಲ್ದೇ ಇರೋ ಮನೆ ನಮ್ಮ ಕಡೆ ಕಮ್ಮಿ. ಮೊದಲೆಲ್ಲ ವಿಸಿಡಿ ಬಾಡಿಗೆಗೆ ತಂದು ನೋಡ್ತಿದ್ವಿ, 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿ ಅಂತ ಮಾರೋಕೆ ಶುರು ಮಾಡಿದ್ಮೇಲೆ ಬಾಡಿಗೆಗೆ ಕೊಡೋ ದುಡ್ಡಿಗೆ ಇನ್ನೊಂದಿಷ್ಟು ಸೇರ್ಸಿ ಕೊಂಡ್ಕೊಂಡೇ ಬಿಡೋ ಹಾಗಾಯ್ತು. ಈಗ ನೋಡಿದ್ರೆ ಪ್ಲೇಯರ್ ಗುಜರಿಗೆ ಹೋಗಿದೆ, ಹೊಸ ಲ್ಯಾಪ್‌ಟಾಪಲ್ಲಿ ಡ್ರೈವೇ ಬರಲ್ಲ, ಆ ಕಂಪನೀನೂ 2018ರಲ್ಲಿ ದಿವಾಳಿ ಕೇಸಲ್ಲಿ ಮುಚ್ಚೋ ಆರ್ಡರ್ ಆಗಿ ಹೋಯ್ತು, ಸಿಡಿಗಳು ಮಾತ್ರ ಹಾಗೇ ಕೂತಿವೆ, ಕೂತಲ್ಲೇ ಒಂದೊಂದಾಗಿ ಹಾಳಾಗ್ತಾನೂ ಇವೆ.

ಎಲ್ಲಾ ಆನ್‌ಲೈನಲ್ಲೇ ಸಿಗತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ದೊಡ್ಡ ಹೀರೋಗಳ ಸಿನಿಮಾ ಸಿಗತ್ತೆ ಒಪ್ತೀನಿ. ಆದ್ರೆ ನಿಮ್ಮ ಡಬ್ಬದಲ್ಲಿ ಹುಡುಕಿ ನೋಡಿ, ಒಂದು ಯಕ್ಷಗಾನ ಪ್ರಸಂಗದ್ದು ಮೂರು ವಿಸಿಡಿ ಸೆಟ್ಟು ಇರತ್ತೆ, ಕಂಪನಿ ನಾಟಕದ್ದು ಇರತ್ತೆ, ಹರಿಕಥೆದು ಇರತ್ತೆ, ಒಂದೇ ವಾರ ಓಡಿ ಮರೆತುಹೋದ ಸಿನಿಮಾ ಇರತ್ತೆ, ಅಕ್ಕನ ಮದುವೆ ಸಿಡಿ ಇರತ್ತೆ. ಇವನ್ನ ಮಾಡಿದ್ದು ಸಣ್ಣ ಸಣ್ಣ ಆಡಿಯೋ ಕಂಪನಿಗಳು, ಊರಿನ ಸ್ಟುಡಿಯೋದವರು, ಅವರಲ್ಲಿ ಎಷ್ಟೋ ಜನ ಅಂಗಡಿ ಮುಚ್ಚಿದ್ದಾರೆ, ಹಾಗಾಗಿ ನಿಮ್ಮ ಹತ್ರ ಇರೋದು ಹೋದ್ರೆ ಇನ್ನೊಂದು ಎಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ.

ಅದಕ್ಕೇ ಈ ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಕೊಳ್ಳಿ ಅಂದ್ರೆ ಇದನ್ನ ಹೇಳ್ತೀನಿ. ಡಿಸ್ಕಲ್ಲಿ ಏನಿದೆಯೋ ಅದನ್ನ ಮೊದಲು ಹೇಗಿದೆಯೋ ಹಾಗೇ ಇಳಿಸ್ಕೊಳ್ಳಿ. ಸೈಜ್ ಕಮ್ಮಿ ಮಾಡೋದು, ಟೀವಿಗೆ ಹೊಂದಿಸೋದು, ಚೆಂದ ಮಾಡೋದು ಎಲ್ಲ ಮುಂದಿನ ವರ್ಷ ಬೇಕಾದ್ರೂ ಮಾಡಬಹುದು, ಡಿಸ್ಕ್ ಮುಂದಿನ ವರ್ಷ ಓಡತ್ತೆ ಅನ್ನೋಕೆ ಗ್ಯಾರಂಟಿ ಇಲ್ಲ. ತುಂಬಾ ಜನ ಉಲ್ಟಾ ಮಾಡ್ತಾರೆ, ಯಾವ ಫಾರ್ಮ್ಯಾಟ್ ಒಳ್ಳೇದು, ಯಾವ ಸೆಟ್ಟಿಂಗ್ ಒಳ್ಳೇದು ಅಂತ ತಿಂಗಳುಗಟ್ಟಲೆ ವಿಡಿಯೋ ನೋಡ್ತಾ ಕೂರ್ತಾರೆ, ಇಳಿಸೋ ಕೆಲಸ ಶುರುನೇ ಆಗಿರಲ್ಲ.

ಯಾವ್ದನ್ನ ಮೊದಲು ತಗೋಬೇಕು

ಎಲ್ಲಾ ಡಿಸ್ಕ್ ಹೊರಗೆ ತೆಗೆದು ಚಾಪೆ ಮೇಲೆ ಹರಡ್ಕೊಂಡು ಮೂರು ಗುಂಪು ಮಾಡಿ. ಹಿಂದುಗಡೆ ನೇರಳೆನೋ ಹಸಿರುನೋ ಬಣ್ಣ ಕಾಣ್ತಿದ್ರೆ ಅದು ರೈಟ್ ಮಾಡಿದ ಡಿಸ್ಕು, ಅಂದ್ರೆ ಮದುವೆ, ನಾಮಕರಣ, ಸ್ಕೂಲ್ ಡೇ, ಯಾರೋ ಕಾಪಿ ಮಾಡಿ ಕೊಟ್ಟಿದ್ದು. ಇದ್ರಲ್ಲಿ ಡೇಟಾ ಕೂತಿರೋದು ಒಂದು ಬಣ್ಣದ ಪದರದ ಮೇಲೆ, ಬೆಳಕಿಗೆ, ಬಿಸಿಗೆ ಆ ಬಣ್ಣ ಮಾಸತ್ತೆ, ಮಾಸಿದ ಮೇಲೆ ಏನೂ ಮಾಡೋಕಾಗಲ್ಲ. ಇವು ಮೊದಲು. ಎರಡನೇದು ಅಂಗಡೀಲಿ ಕೊಂಡ ವಿಸಿಡಿಗಳು. ಮೂರನೇದು ಕಂಪನಿ ಡಿವಿಡಿಗಳು, ಇವು ಸ್ವಲ್ಪ ಗಟ್ಟಿ.

ವಿಸಿಡಿ ಯಾಕೆ ಡಿವಿಡಿಗಿಂತ ಮೊದಲು ಅಂದ್ರೆ, ಸಿಡೀಲಿ ಡೇಟಾ ಇರೋ ಅಲ್ಯೂಮಿನಿಯಂ ಪದರ ಇರೋದು ಕೆಳಗಡೆ ಹೊಳೆಯೋ ಕಡೆ ಅಲ್ಲ, ಮೇಲ್ಗಡೆ, ಹೀರೋ ಫೋಟೋ ಪ್ರಿಂಟ್ ಆಗಿರತ್ತಲ್ಲ ಅದರ ಕೆಳಗೇ, ಮಧ್ಯ ಒಂದು ತೆಳು ವಾರ್ನಿಷ್ ಥರದ್ದು ಮಾತ್ರ. ನಾವೆಲ್ಲ ಹೊಳೆಯೋ ಕಡೆ ಜೋಪಾನ ಮಾಡಿ ಫೋಟೋ ಕಡೆ ಮೇಜಿನ ಮೇಲೆ ಉಜ್ಜಿ ಇಡ್ತಿದ್ವಿ, ಬಾಲ್ ಪೆನ್ನಲ್ಲಿ ಹೆಸರು ಬೇರೆ ಬರೀತಿದ್ವಿ. ಡಿವಿಡೀಲಿ ಹಾಗಲ್ಲ, 0.6 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ಬಿಲ್ಲೆ ಮಧ್ಯ ಡೇಟಾ ಪದರ ಇರತ್ತೆ. ಒಂದು ಹಳೇ ವಿಸಿಡಿ ತಗೊಂಡು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನೋಡಿ. ಸೂಜೀಲಿ ಚುಚ್ಚಿದ ಹಾಗೆ ಚುಕ್ಕಿ ಚುಕ್ಕಿ ಬೆಳಕು ಬಂದ್ರೆ ಅಲ್ಲಲ್ಲಿ ಅಲ್ಯೂಮಿನಿಯಂ ಉದುರಿದೆ ಅಂತ, ಅಷ್ಟು ಜಾಗದ ಚಿತ್ರ ಹೋಯ್ತು. ನಾಲ್ಕು ಚುಕ್ಕಿ ಇದ್ರೆ ಭಯ ಬೇಡ, ಚಿತ್ರ ಕ್ಷಣ ಹೊತ್ತು ಚೌಕ ಚೌಕ ಆಗಿ ಮುಂದೆ ಹೋಗತ್ತೆ, ಆದ್ರೆ ಅಂಚಿಂದ ಒಳಗೆ ತಿಂದ್ಕೊಂಡು ಬಂದಿದ್ರೆ ಅದನ್ನ ಇವತ್ತೇ ಇಳಿಸಿ.

ಡ್ರೈವ್ ವಿಷ್ಯ

ಹಳೇ ಡೆಸ್ಕ್‌ಟಾಪ್ ಇದ್ರೆ ಅದರ ಡಿವಿಡಿ ರೈಟರ್ ಬಿಸಾಕಬೇಡಿ, ಗೀರು ಬಿದ್ದ ಡಿಸ್ಕ್ ಓದೋದ್ರಲ್ಲಿ ಆ ದಪ್ಪ ಡ್ರೈವ್‌ಗಳು ಎಷ್ಟೋ ಸಲ ತೆಳ್ಳಗಿನ ಯುಎಸ್‌ಬಿ ಡ್ರೈವಿಗಿಂತ ವಾಸಿ. ಅದನ್ನ ಲ್ಯಾಪ್‌ಟಾಪಿಗೆ ಹಾಕ್ಕೋಬೇಕು ಅಂದ್ರೆ ಸಾಟಾ ಟು ಯುಎಸ್‌ಬಿ ಕೇಬಲ್ ಸಿಗತ್ತೆ, ಆದ್ರೆ ಜೊತೆಗೆ ಕರೆಂಟಿನ ಅಡಾಪ್ಟರ್ ಬರೋದನ್ನೇ ತಗೊಳ್ಳಿ, ಯಾಕಂದ್ರೆ ಡೆಸ್ಕ್‌ಟಾಪ್ ಡ್ರೈವಿಗೆ 12 ವೋಲ್ಟ್ ಬೇಕು, ಬರೀ ಯುಎಸ್‌ಬಿಯಿಂದ ಬರೋ 5 ವೋಲ್ಟಲ್ಲಿ ತಿರುಗಲ್ಲ. ಬೆಂಗಳೂರಲ್ಲಾದ್ರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್.ಪಿ. ರೋಡಲ್ಲಿ ಇಂಥವು ಕೇಳಿ ನೋಡಬಹುದು, ಸೆಕೆಂಡ್ ಹ್ಯಾಂಡ್ ಡ್ರೈವ್ ಆದ್ರೆ ನಿಮ್ಮದೊಂದು ಡಿಸ್ಕ್ ತಗೊಂಡು ಹೋಗಿ ಅಲ್ಲೇ ಓಡಿಸಿ ನೋಡಿ ತಗೊಳ್ಳಿ. ಇದ್ಯಾವ್ದೂ ಬೇಡ ಅಂದ್ರೆ ಹೊಸ ಯುಎಸ್‌ಬಿ ಡಿವಿಡಿ ರೈಟರ್ ಎಲ್ಲಾ ಕಡೆ ಸಿಗತ್ತೆ. ಅದನ್ನ ಯುಎಸ್‌ಬಿ ಹಬ್ಬಿಗೆ ಹಾಕದೆ ನೇರ ಕಂಪ್ಯೂಟರಿಗೇ ಹಾಕಿ, ಪವರ್ ಸಾಲದೇ ಹೋದ್ರೆ ಟಿಕ್ ಟಿಕ್ ಅಂತ ಸದ್ದು ಮಾಡ್ತಾ ಡಿಸ್ಕ್ ಗುರುತೇ ಹಿಡಿಯಲ್ಲ, ಆಗ ಡಿಸ್ಕೇ ಹಾಳಾಗಿದೆ ಅಂತ ತಪ್ಪು ತಿಳ್ಕೊಂಡು ಬಿಡ್ತೀವಿ.

ಬ್ಲೂ-ರೇ ಇದ್ರೆ ಬ್ಲೂ-ರೇ ಡ್ರೈವೇ ಬೇಕು, ಒಂದು ಡಿಸ್ಕಿಗೆ 25 ಇಲ್ಲಾ 50 ಜಿಬಿ ಜಾಗ ಹಿಡಿಯತ್ತೆ. ನಮ್ಮ ಕನ್ನಡದವು ಅದರಲ್ಲಿ ಬಂದಿದ್ದೇ ಕಮ್ಮಿ, ಹಾಗಾಗಿ ಅದನ್ನ ಇಲ್ಲಿಗೇ ಬಿಡ್ತೀನಿ.

ಹಾಕೋ ಮುಂಚೆ ಒರೆಸಿ

ಮೆತ್ತಗಿನ ಕನ್ನಡಕದ ಬಟ್ಟೆ ತಗೊಂಡು ಮಧ್ಯದ ತೂತಿಂದ ಅಂಚಿನ ಕಡೆಗೆ ನೇರ ಗೆರೆ ಎಳೆದ ಹಾಗೆ ಒರೆಸಿ. ಸುತ್ತ ತಿರುಗಿಸಿ ಒರೆಸಬಾರದು, ಯಾಕಂದ್ರೆ ಡೇಟಾ ಕೂತಿರೋದು ಸುತ್ತಾಕಾರವಾಗಿ, ಒಂದು ಧೂಳಿನ ಕಣ ಸಿಕ್ಕಿ ಸುತ್ತ ಗೀರಿದ್ರೆ ಒಂದೇ ಕಡೆ ಉದ್ದಕ್ಕೆ ಡೇಟಾ ಹೋಗತ್ತೆ, ಅಡ್ಡ ಗೀರಾದ್ರೆ ಪ್ರತಿ ಸುತ್ತಲ್ಲೂ ಚೂರು ಚೂರೇ ಹೋಗತ್ತೆ, ಅದನ್ನ ಡ್ರೈವ್ ತಾನೇ ಸರಿ ಮಾಡ್ಕೊಳತ್ತೆ. ಜಿಡ್ಡು, ಬೆರಳಚ್ಚು ಇದ್ರೆ ಮೆಡಿಕಲ್ ಶಾಪಲ್ಲಿ ಸಿಗೋ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೆರಡು ತೊಟ್ಟು ಸಾಕು. ಸ್ಯಾನಿಟೈಸರ್ ಬೇಡ, ಅದ್ರಲ್ಲಿ ಗ್ಲಿಸರಿನ್ ಇರತ್ತೆ, ಅಂಟು ಉಳಿಯತ್ತೆ.

ಮಲೆನಾಡು, ಕರಾವಳಿ ಕಡೆಯವರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಮಳೆಗಾಲದ ತೇವಕ್ಕೆ ಡಿಸ್ಕ್ ಮೇಲೆ ಬೂಷ್ಟು ಕೂರತ್ತೆ, ಬಿಳಿ ಪೊರೆ ಥರ. ಮೇಲೆ ಕೂತಿರೋ ಬೂಷ್ಟಾದ್ರೆ ಉಗುರು ಬೆಚ್ಚಗಿನ ನೀರಲ್ಲಿ ಒಂದು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಬೆರಳಲ್ಲೇ ಮೆಲ್ಲಗೆ ತೊಳೆದು, ಒಳ್ಳೆ ನೀರಲ್ಲಿ ಅದ್ದಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ, ಬಿಸಿಲಿಗೆ ಬೇಡ. ಇನ್ನು ಆ ಪ್ಲಾಸ್ಟಿಕ್ ಪೌಚಲ್ಲಿ ವರ್ಷಗಟ್ಟಲೆ ಇದ್ದು ಅಂಟ್ಕೊಂಡಿರೋ ಡಿಸ್ಕನ್ನ ಜಗ್ಗಿ ಎಳೀಬೇಡಿ, ಫೋಟೋ ಕಡೆ ಅಂಟ್ಕೊಂಡಿದ್ರೆ ಪ್ರಿಂಟಿನ ಜೊತೆ ಡೇಟಾನೂ ಎದ್ದು ಬರತ್ತೆ. ಪೌಚನ್ನ ಕತ್ತರೀಲಿ ಮೂರು ಕಡೆ ಕತ್ತರಿಸಿ, ಒಂದು ಮೂಲೆಯಿಂದ ಪ್ಲಾಸ್ಟಿಕ್ಕನ್ನ ಹಿಂದಕ್ಕೆ ಮಡಚ್ತಾ ಮಡಚ್ತಾ ಬಿಡಿಸಿ, ಎಳೆಯೋದು ಪ್ಲಾಸ್ಟಿಕ್ಕನ್ನ, ಡಿಸ್ಕನ್ನಲ್ಲ. ಮದುವೆ ಸಿಡಿ ಮೇಲೆ ಸ್ಟುಡಿಯೋದವರು ಅಂಟಿಸಿರೋ ಪೇಪರ್ ಸ್ಟಿಕ್ಕರನ್ನೂ ಕೀಳೋಕೆ ಹೋಗಬೇಡಿ, ಅದೇ ಕಥೆ.

ವಿಸಿಡಿ ಇಳಿಸೋದು

ವಿಂಡೋಸಲ್ಲಿ ವಿಸಿಡಿ ತೆರೆದ್ರೆ ಎಂಪೆಗ್-ಎವಿ ಅನ್ನೋ ಫೋಲ್ಡರ್ ಕಾಣತ್ತೆ, ಅದರೊಳಗೆ ಎವಿಸೆಕ್01 ಅನ್ನೋ ಹೆಸರಿನ ದೊಡ್ಡ ಡ್ಯಾಟ್ ಫೈಲು. ಸಿನಿಮಾ ಅಂದ್ರೆ ಅದೇ. ಹಾಡಿನ ವಿಸಿಡಿ ಆದ್ರೆ 01, 02, 03 ಅಂತ ಸಾಲಾಗಿ ಇರತ್ತೆ, ಒಂದೊಂದು ಹಾಡಿಗೆ ಒಂದೊಂದು. ಅದನ್ನ ಹಾಗೇ ಕಾಪಿ ಮಾಡಿ ನಿಮ್ಮ ಫೋಲ್ಡರಿಗೆ ಪೇಸ್ಟ್ ಮಾಡಿದ್ರೆ ಅರ್ಧ ಕೆಲಸ ಮುಗೀತು, ವಿಎಲ್‌ಸಿ ಪ್ಲೇಯರಲ್ಲಿ ಡ್ಯಾಟ್ ಫೈಲ್ ನೇರವಾಗೇ ಓಡತ್ತೆ.

700 ಎಂಬಿ ಸಿಡೀಲಿ 800 ಎಂಬಿ ಫೈಲ್ ಹೇಗೆ ಬಂತು ಅಂತ ಕೆಲವರು ಗಾಬರಿ ಆಗ್ತಾರೆ. ಮಾಮೂಲಿ ಡೇಟಾ ಸಿಡೀಲಿ ಒಂದೊಂದು ಸೆಕ್ಟರಿಗೆ (ಡಿಸ್ಕಲ್ಲಿ ಡೇಟಾ ಇಡೋ ಚಿಕ್ಕ ತುಂಡು) 2048 ಬೈಟ್ ಡೇಟಾ ಇಟ್ಟು ಉಳಿದ ಜಾಗಾನ ತಪ್ಪು ತಿದ್ದೋಕೆ ಇಟ್ಟಿರ್ತಾರೆ, ವಿಸಿಡೀಲಿ ಸಿನಿಮಾ ಹಿಡಿಸಬೇಕು ಅಂತ ಆ ತಿದ್ದೋ ಜಾಗಾನೂ ತಗೊಂಡು 2324 ಬೈಟ್ ಚಿತ್ರವೇ ತುಂಬಿರ್ತಾರೆ. ಅದಕ್ಕೇ ವಿಸಿಡಿಗೆ ಗೀರು ತಡ್ಕೊಳ್ಳೋ ಶಕ್ತಿ ಕಮ್ಮಿ. ಇದೇ ಕಾರಣಕ್ಕೆ ಲಿನಕ್ಸಲ್ಲಿ ಆ ಫೈಲನ್ನ ಸುಮ್ಮನೆ ಎಳೆದು ಕಾಪಿ ಮಾಡೋಕೆ ಹೋದ್ರೆ ಎರರ್ ಬರತ್ತೆ, ಡಿಸ್ಕ್ ಹಾಳಾಗಿದೆ ಅಂತ ಅಲ್ಲ, ವಿಸಿಡಿ ಇಮೇಜರ್ ಅನ್ನೋ ಪ್ಯಾಕೇಜ್ ಹಾಕ್ಕೊಂಡು ಅದರಲ್ಲಿರೋ ವಿಸಿಡಿ-ಎಕ್ಸ್-ರಿಪ್ ಅನ್ನೋದ್ರಿಂದ ತೆಗೀಬೇಕು. ವಿಸಿಡೀನ ಐಎಸ್ಒ ಫೈಲ್ (ಇಡೀ ಡಿಸ್ಕಿನ ನಕಲು ಒಂದೇ ಫೈಲಾಗಿ) ಮಾಡೋಕೂ ಹೋಗಬೇಡಿ, ಅದರಲ್ಲೂ 2048ರ ಲೆಕ್ಕವೇ, ಸಿನಿಮಾ ಸರಿಯಾಗಿ ಬರಲ್ಲ.

ಡ್ಯಾಟ್ ಫೈಲನ್ನ ಎಂಪಿಜಿ ಮಾಡಿಟ್ರೆ ಟೀವಿಗಳಿಗೆ ಸುಲಭ. ಅದಕ್ಕೆ ಮತ್ತೆ ಎನ್‌ಕೋಡ್ ಮಾಡಬೇಕಿಲ್ಲ, ಅಂದ್ರೆ ಚಿತ್ರಾನ ಹೊಸದಾಗಿ ಹಿಂಡಬೇಕಿಲ್ಲ, ಮೇಲಿನ ಪೊರೆ ತೆಗೆದ್ರೆ ಒಳಗಿರೋದು ಎಂಪೆಗ್-1 ವಿಡಿಯೋನೇ. ವಿಸಿಡಿ ಗಿಯರ್ ಅನ್ನೋ ಹಳೇ ಪುಟ್ಟ ಪ್ರೋಗ್ರಾಮಿದೆ, ಡ್ಯಾಟ್ ಟು ಎಂಪೆಗ್ ಆರಿಸಿ ಫೈಲ್ ಕೊಟ್ರೆ ಆಯ್ತು. ಎಫ್‌ಎಫ್‌ಎಂಪೆಗ್ ಅನ್ನೋ ಕಮಾಂಡ್ ಪ್ರೋಗ್ರಾಂ ಬಳಸೋರು ಕೋಡೆಕ್ ಜಾಗದಲ್ಲಿ ಕಾಪಿ ಅಂತ ಕೊಡಿ. ಮೂಲ ಡ್ಯಾಟ್ ಫೈಲನ್ನ ಆಗ್ಲೇ ಅಳಿಸಬೇಡಿ, ಎಂಪಿಜಿ ಪೂರ್ತಿ ನೋಡಿ ಮಾತು ತುಟಿ ಕೂಡ್ತಿದೆ ಅಂತ ಖಾತ್ರಿ ಆದ್ಮೇಲೆ ಅಳಿಸಿ. ಗೀರಿರೋ ವಿಸಿಡೀಲಿ ಆ ಜಾಗ ದಾಟಿದ್ಮೇಲೆ ಸೌಂಡ್ ಹಿಂದೆ ಬೀಳೋದು ಮಾಮೂಲು.

ಇನ್ನೊಂದು, ವಿಸಿಡಿ ಚಿತ್ರ ಬರೀ 352 ಬೈ 288, ಅದನ್ನ ಎಚ್‌ಡಿ ಮಾಡ್ತೀವಿ ಅಂತ ದೊಡ್ಡದು ಮಾಡಿ ಸೇವ್ ಮಾಡೋದು ಜಾಗ ದಂಡ, ದೊಡ್ಡದು ಮಾಡೋ ಕೆಲಸ ಟೀವಿನೇ ಮಾಡತ್ತೆ. ಚಿಕ್ಕದು ಮಾಡೋಕೂ ಹೋಗಬೇಡಿ, ಮೊದಲೇ ಮಸುಕು, ಇನ್ನೂ ಹಿಂಡಿದ್ರೆ ರಾತ್ರಿ ಸೀನೆಲ್ಲ ಬರೀ ಕಪ್ಪು ಚೌಕ. ಇಡೀ ಸಿನಿಮಾ ಎರಡು ಡಿಸ್ಕ್ ಸೇರಿ ಒಂದೂವರೆ ಜಿಬಿ, ಇರ್ಲಿ ಬಿಡಿ. ಕರೋಕೆ ವಿಸಿಡಿ ಆದ್ರೆ ಒಂದು ಸ್ಪೀಕರಲ್ಲಿ ಹಾಡು, ಇನ್ನೊಂದರಲ್ಲಿ ಬರೀ ಮ್ಯೂಸಿಕ್ ಇರೋದುಂಟು, ಸೌಂಡನ್ನ ಮೋನೋ ಮಾಡಿ ಎರಡನ್ನೂ ಕಲೆಸಬೇಡಿ.

ಭಾಗ ಒಂದು, ಎರಡು, ಮೂರನ್ನ ಸೇರಿಸಿ ಒಂದೇ ಫೈಲ್ ಮಾಡೋ ಆಸೆ ಎಲ್ರಿಗೂ ಇರತ್ತೆ. ಎಂಕೆವಿ ಟೂಲ್‌ನಿಕ್ಸ್ ಅನ್ನೋದ್ರಲ್ಲಿ ಮೊದಲ ಫೈಲ್ ಹಾಕಿ, ಎರಡನೇದನ್ನ ಅಪೆಂಡ್ ಕೊಟ್ಟು ಸೇರಿಸಬಹುದು, ಕ್ವಾಲಿಟಿ ಹೋಗಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಬೇರೆ ಬೇರೆನೇ ಇಡಿ, ಎರಡನೇ ಡಿಸ್ಕ್ ಶುರುವಲ್ಲಿ ಮತ್ತೆ ಕಂಪನಿ ಜಾಹೀರಾತು, ಲೋಗೋ ಎಲ್ಲ ಬರತ್ತೆ, ಅದನ್ನ ಕತ್ತರಿಸೋಕೆ ಹೋಗಿ ಸಿನಿಮಾದ್ದೇ ಒಂದು ಮಾತು ಹೋಗೋ ಚಾನ್ಸ್ ಇದೆ.

ಡಿವಿಡಿ, ಮತ್ತೆ ಅದರ ಬೀಗ

ಡಿವಿಡೀಲಿ ವಿಡಿಯೋ-ಟಿಎಸ್ ಅನ್ನೋ ಫೋಲ್ಡರಲ್ಲಿ ಸಿನಿಮಾನ 1 ಜಿಬಿ ತುಂಡುಗಳಾಗಿ ಇಟ್ಟಿರ್ತಾರೆ, ವಿಒಬಿ ಫೈಲ್ ಅಂತ. ಒಂದು ಪದರದ ಡಿಸ್ಕಾದ್ರೆ 4.7 ಜಿಬಿ ತನಕ, ಎರಡು ಪದರದ್ದಾದ್ರೆ 8.5 ಜಿಬಿ ತನಕ. ಕೆಲವು ಡಿವಿಡಿಗಳಿಗೆ ಕಾಪಿ ಮಾಡದ ಹಾಗೆ ಸಿಎಸ್ಎಸ್ ಅನ್ನೋ ಬೀಗ ಇರತ್ತೆ, ಕೆಲವಕ್ಕೆ ಇರಲ್ಲ, ಮದುವೆ ಡಿವಿಡಿಗೆ ಇರೋದೇ ಇಲ್ಲ. ಬೀಗ ಇಲ್ದೇ ಇರೋದಾದ್ರೆ ಆ ಫೋಲ್ಡರನ್ನೇ ಪೂರ್ತಿ ಕಾಪಿ ಮಾಡ್ಕೊಳ್ಳಿ, ವಿಎಲ್‌ಸೀಲಿ ಓಪನ್ ಫೋಲ್ಡರ್ ಕೊಟ್ರೆ ಮೆನು ಸಮೇತ ಓಡತ್ತೆ. ಅಥವಾ ಇಮ್ಗ್‌ಬರ್ನ್ ಅನ್ನೋ ವಿಂಡೋಸ್ ಪ್ರೋಗ್ರಾಮಲ್ಲಿ ಕ್ರಿಯೇಟ್ ಇಮೇಜ್ ಫೈಲ್ ಫ್ರಮ್ ಡಿಸ್ಕ್ ಅಂತ ಕೊಟ್ಟು ಒಂದೇ ಐಎಸ್ಒ ಮಾಡಿ, ನಂಗೆ ಇದೇ ಇಷ್ಟ, ಇಡೀ ಡಿಸ್ಕ್ ಒಂದೇ ಫೈಲಾಗಿ ಇರತ್ತೆ. ಕಾಪಿ ಮಾಡಿದ ಫೈಲ್ ಓಡಿಸಿದ್ರೆ ಹಸಿರು ಗುಲಾಬಿ ಚೌಕ ಚೌಕ ಬಂದ್ರೆ ಬೀಗ ಇದೆ ಅಂತ ತಿಳ್ಕೊಳ್ಳಿ.

ಬೀಗದ ವಿಷ್ಯ ಬಂದಿದ್ದಕ್ಕೆ ಕಾನೂನು ಒಂಚೂರು ಹೇಳಿಬಿಡ್ತೀನಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನಲ್ಲಿ ಸ್ವಂತ, ಖಾಸಗಿ ಉಪಯೋಗಕ್ಕೆ ನ್ಯಾಯವಾದ ಮಿತಿಯಲ್ಲಿ ಬಳಸ್ಕೊಳ್ಳೋಕೆ ಜಾಗ ಇದೆ. 2012ರ ತಿದ್ದುಪಡೀಲಿ ಬಂದ 65ಎ ಸೆಕ್ಷನ್ ಪ್ರಕಾರ ಹಕ್ಕು ಕದಿಯೋ ಉದ್ದೇಶದಿಂದ ಬೀಗ ಮುರಿದ್ರೆ ಎರಡು ವರ್ಷದ ತನಕ ಜೈಲು, ದಂಡ, ಕಾಯ್ದೆ ಬೇಡ ಅನ್ನದೇ ಇರೋ ಕೆಲಸಕ್ಕೆ ಮಾಡಿದ್ರೆ ಅದು ಅಡ್ಡಿ ಬರಲ್ಲ ಅಂತಾನೂ ಅದರಲ್ಲೇ ಇದೆ. ಅಮೆರಿಕದಲ್ಲಿರೋ ನಮ್ಮವರು ಹುಷಾರು, ಅಲ್ಲಿನ 1998ರ ಡಿಎಂಸಿಎ ಕಾನೂನಲ್ಲಿ ಡಿಸ್ಕ್ ನಿಮ್ಮದೇ ಆಗಿದ್ರೂ ಬೀಗ ತೆಗೆಯೋದೇ ನಿಷೇಧ. ಇಂಗ್ಲೆಂಡಲ್ಲಿ 2014ರಲ್ಲಿ ಸ್ವಂತಕ್ಕೆ ಕಾಪಿ ಮಾಡ್ಕೋಬಹುದು ಅಂತ ಬಿಟ್ಟಿದ್ರು, 2015ರಲ್ಲಿ ಕೋರ್ಟು ಅದನ್ನ ರದ್ದು ಮಾಡ್ತು. ಎಲ್ಲಿದ್ರೂ ಸರಿ, ನಿಮ್ಮ ಡಿಸ್ಕ್, ನಿಮ್ಮ ಮನೆ, ನಿಮ್ಮ ಟೀವಿ ಅಷ್ಟೇ. ಟೆಲಿಗ್ರಾಂ ಗ್ರೂಪಿಗೆ ಹಾಕೋದು, ಪೆನ್‌ಡ್ರೈವಲ್ಲಿ ಹಂಚೋದು, ಕಾಪಿ ಇಟ್ಕೊಂಡು ಡಿಸ್ಕ್ ಮಾರೋದು ಇದ್ಯಾವ್ದೂ ಬ್ಯಾಕಪ್ ಅಲ್ಲ. ಯಕ್ಷಗಾನದಂಥದ್ರಲ್ಲಿ ಭಾಗವತರು, ಕಲಾವಿದರು ಎಷ್ಟೋ ಜನ ಇನ್ನೂ ನಮ್ಮ ನಡುವೆನೇ ಇದ್ದಾರೆ, ಅವರ ದುಡಿಮೆ ಅದು, ಹಾಕ್ಲೇಬೇಕು ಅನ್ನಿಸಿದ್ರೆ ಮೇಳದವರನ್ನೋ ಕಂಪನಿಯವರನ್ನೋ ಕೇಳಿ.

ಬೀಗ ಇರೋ ಡಿಸ್ಕಿಗೆ, ನಿಮ್ಮಲ್ಲಿ ಕಾನೂನು ಒಪ್ಪತ್ತೆ ಅನ್ನೋದಾದ್ರೆ, ಮೇಕ್ ಎಂಕೆವಿ ಅನ್ನೋ ಪ್ರೋಗ್ರಾಂ ಸಾಕು. ಡಿವಿಡಿ ಮಟ್ಟಿಗೆ ಅದು ಫ್ರೀ. ಡಿಸ್ಕ್ ಹಾಕಿ ದೊಡ್ಡ ಡ್ರೈವ್ ಚಿತ್ರದ ಮೇಲೆ ಒತ್ತಿದ್ರೆ ಒಳಗಿರೋ ಟೈಟಲ್‌ಗಳ ಪಟ್ಟಿ ಬರತ್ತೆ. ಎರಡೂವರೆ ಗಂಟೆ ತೋರಿಸೋದೇ ಸಿನಿಮಾ, ಅದಕ್ಕೆ ಟಿಕ್ ಹಾಕಿ, ಸಬ್‌ಟೈಟಲ್ ಇದ್ರೆ ಅದಕ್ಕೂ ಹಾಕಿ, ಫೋಲ್ಡರ್ ತೋರಿಸಿ ಬಟನ್ ಒತ್ತಿ. ಚಿತ್ರ ಚೂರೂ ಬದಲಾಗಲ್ಲ, ಡಿಸ್ಕಲ್ಲಿದ್ದ ಹಾಗೇ ಎಂಕೆವಿ ಅನ್ನೋ ಡಬ್ಬಿಗೆ ಬಂದು ಕೂರತ್ತೆ. ಡಿಸ್ಕ್ ಚೆನ್ನಾಗಿದ್ರೆ ಇಪ್ಪತ್ತು ನಿಮಿಷ, ಅರ್ಧ ಗಂಟೆ. ಮೂರು ಸಿನಿಮಾ ಒಂದೇ ಡಿವಿಡೀಲಿ ಅಂತ ಮಾರ್ತಿದ್ರಲ್ಲ, ಅದಾದ್ರೆ ಮೂರು ದೊಡ್ಡ ಟೈಟಲ್ ಕಾಣತ್ತೆ, ಮೂರಕ್ಕೂ ಟಿಕ್ ಹಾಕಿ.

ಹಾಡುಗಳ ಡಿವಿಡೀಲಿ ಒಂದು ತೊಂದರೆ ಇದೆ. ಮೇಕ್ ಎಂಕೆವಿ ಮೊದಲಿಂದಾನೇ 120 ಸೆಕೆಂಡಿಗಿಂತ ಚಿಕ್ಕ ಟೈಟಲ್‌ಗಳನ್ನ ಪಟ್ಟೀಲಿ ತೋರಿಸಲ್ಲ, ಹಾಗಾಗಿ ಚಿಕ್ಕ ಹಾಡು, ಟ್ರೇಲರ್, ಸಂದರ್ಶನದ ತುಣುಕು ಕಾಣೆ ಆಗತ್ತೆ. ಪ್ರಿಫರೆನ್ಸಸ್ ಒಳಗೆ ವಿಡಿಯೋ ಭಾಗಕ್ಕೆ ಹೋಗಿ ಅದನ್ನ 10 ಮಾಡಿ. ಐವತ್ತು ಹಾಡೂ ಒಂದೇ ಟೈಟಲಲ್ಲಿ ಚಾಪ್ಟರ್‌ಗಳಾಗಿ ಇದ್ರೆ ಇಡೀದನ್ನ ಇಳಿಸ್ಕೊಂಡು ಎಂಕೆವಿ ಟೂಲ್‌ನಿಕ್ಸಲ್ಲಿ ಚಾಪ್ಟರ್ ಪ್ರಕಾರ ತುಂಡು ಮಾಡೋ ಆಯ್ಕೆ ಇದೆ.

ಡಿಸ್ಕ್ ಜಗತ್ತಿನ ಯಾವ ಭಾಗಕ್ಕೆ ಅಂತ ಹೇಳೋ ರೀಜನ್ ಕೋಡ್ ಕೇಳಿದ್ರೆ ತಕ್ಷಣ ಓಕೆ ಒತ್ತಬೇಡಿ. ಭಾರತದ್ದು ರೀಜನ್ 5. ಡ್ರೈವಲ್ಲಿ ಇದನ್ನ ಐದು ಸಲ ಮಾತ್ರ ಬದಲಾಯಿಸಬಹುದು, ಐದನೇದಕ್ಕೆ ಅದೇ ಪರ್ಮನೆಂಟು. ವಿದೇಶದಿಂದ ಯಾರೋ ತಂದುಕೊಟ್ಟ ಒಂದು ಡಿಸ್ಕಿಗೋಸ್ಕರ ಹಿಂದೆ ಮುಂದೆ ಬದಲಾಯಿಸ್ತಾ ಹೋಗೋದು ಬೇಡ, ಮೊದಲು ವಿಎಲ್‌ಸೀಲಿ ಓಡತ್ತಾ ನೋಡಿ.

ಓದ್ತಾ ಇಲ್ಲ ಅಂದ್ರೆ

ನಿಜವಾದ ಕೆಲಸ ಇರೋದು ಇಲ್ಲೇ. ಡಿಸ್ಕಲ್ಲಿ ಬರವಣಿಗೆ ಶುರುವಾಗೋದು ಮಧ್ಯದ ತೂತಿನ ಹತ್ರ, ಮುಗಿಯೋದು ಹೊರಗಿನ ಅಂಚಲ್ಲಿ, ನಮ್ಮ ಬೆರಳು ಜಾಸ್ತಿ ತಾಗೋದೂ ಅಂಚಿಗೇ. ಅದಕ್ಕೇ ಸಿನಿಮಾ ಎಲ್ಲಾ ಚೆನ್ನಾಗಿ ಓಡಿ ಕ್ಲೈಮ್ಯಾಕ್ಸಲ್ಲಿ ಬಂದು ನಿಲ್ಲತ್ತೆ. ಎರಡು ಪದರದ ಡಿವಿಡೀಲಿ ಮೊದಲ ಪದರ ಹೊರಗೆ ಹೋಗಿ ಮುಗಿದು, ಎರಡನೇದು ಅಲ್ಲಿಂದಲೇ ವಾಪಸ್ ಒಳಕ್ಕೆ ಬರತ್ತೆ, ಹಾಗಾಗಿ ಅದ್ರಲ್ಲಿ ಇಂಟರ್ವಲ್ ಆಸುಪಾಸಿನ ಚಿತ್ರ ಅಂಚಲ್ಲಿರತ್ತೆ, ಅಲ್ಲೇ ತಡವರಿಸತ್ತೆ. ಇದು ಗೊತ್ತಿದ್ರೆ ಎಲ್ಲಿ ಒರೆಸಬೇಕು ಅಂತಾನೂ ಗೊತ್ತಾಗತ್ತೆ.

ಮೊದಲು ಮತ್ತೆ ಒರೆಸಿ ಹಾಕಿ. ಆಗ್ಲಿಲ್ವಾ, ಬೇರೆ ಡ್ರೈವಲ್ಲಿ ಹಾಕಿ. ಒಂದು ಡ್ರೈವ್ ಓದದೇ ಇರೋ ಜಾಗಾನ ಇನ್ನೊಂದು ಡ್ರೈವ್ ಆರಾಮಾಗಿ ಓದಿಬಿಡೋದು ತುಂಬಾ ಸಲ ಆಗತ್ತೆ, ಪಕ್ಕದ ಮನೆಯವರ ಹಳೇ ಲ್ಯಾಪ್‌ಟಾಪಾದ್ರೂ ಸರಿ, ಸ್ನೇಹಿತರ ಆಫೀಸಲ್ಲಿ ಮೂಲೆಗೆ ಬಿದ್ದಿರೋ ಸಿಸ್ಟಮ್ಮಾದ್ರೂ ಸರಿ. ಇಮ್ಗ್‌ಬರ್ನಲ್ಲಿ ಓದೋ ಸ್ಪೀಡನ್ನ ಕಮ್ಮಿ ಇಟ್ಟೂ ನೋಡಿ.

ಅದಕ್ಕೂ ಬಗ್ಗದಿದ್ರೆ ಡಿಡಿ ರೆಸ್ಕ್ಯೂ. ಲಿನಕ್ಸಿನ ಪ್ರೋಗ್ರಾಂ ಇದು, ಉಬುಂಟುನ ಪೆನ್‌ಡ್ರೈವಲ್ಲಿ ಹಾಕ್ಕೊಂಡು ಅದರಿಂದಲೇ ಬೂಟ್ ಮಾಡಿದ್ರೆ ನಿಮ್ಮ ವಿಂಡೋಸಿಗೆ ಏನೂ ಆಗಲ್ಲ. ವಿಂಡೋಸಲ್ಲಿ ಕಾಪಿ ಮಾಡುವಾಗ ಒಂದು ಕೆಟ್ಟ ಸೆಕ್ಟರ್ ಸಿಕ್ರೆ ಇಡೀ ಕಾಪಿನೇ ಕೈಬಿಡತ್ತೆ. ಡಿಡಿ ರೆಸ್ಕ್ಯೂ ಹಾಗಲ್ಲ, ಸಿಗೋದನ್ನೆಲ್ಲ ಮೊದಲು ಬೇಗ ಬೇಗ ತಗೊಂಡು, ಸಿಗದೇ ಇರೋ ಜಾಗಾನ ಮ್ಯಾಪ್ ಅನ್ನೋ ಚಿಕ್ಕ ಫೈಲಲ್ಲಿ ಗುರುತು ಹಾಕ್ಕೊಂಡು, ಆಮೇಲೆ ಅಷ್ಟಕ್ಕೇ ವಾಪಸ್ ಹೋಗಿ ಪ್ರಯತ್ನ ಪಡತ್ತೆ. ಬ್ಲಾಕ್ ಸೈಜ್ 2048 ಕೊಡಿ, ಮೊದಲನೇ ಸಲ ಕೆಟ್ಟ ಜಾಗ ಕೆರೆಯದೇ ಮುಂದೆ ಹೋಗೋ ಆಯ್ಕೆ ಕೊಡಿ, ಎರಡನೇ ಸಲ ಮೂರು ರೀಟ್ರೈ ಕೊಡಿ. ಇದರ ನಿಜವಾದ ಉಪಕಾರ ಏನಂದ್ರೆ ಆ ಮ್ಯಾಪ್ ಫೈಲ್ ಇಟ್ಕೊಂಡು ಅದೇ ಡಿಸ್ಕನ್ನ ಬೇರೆ ಡ್ರೈವಿಗೆ ಹಾಕಿ ಬಿಟ್ಟಲ್ಲಿಂದ ಮುಂದುವರಿಸಬಹುದು, ಮೊದಲ ಡ್ರೈವಿಗೆ ಸಿಗದೇ ಇದ್ದ ಚೂರು ಎರಡನೇದಕ್ಕೆ ಸಿಕ್ಕಿ ಅದೇ ಇಮೇಜ್ ಫೈಲಲ್ಲಿ ಹೋಗಿ ಕೂರತ್ತೆ. ರಾತ್ರಿ ಹಾಕಿ ಮಲಗಿ, ಬೆಳಗ್ಗೆ ನೋಡಿ. ಡ್ರೈವ್ ಮುಟ್ಟಿದ್ರೆ ಬಿಸಿ ಅನ್ನಿಸ್ತಿದ್ರೆ ನಿಲ್ಲಿಸಿ ತಣ್ಣಗಾಗೋಕೆ ಬಿಡಿ, ಮ್ಯಾಪ್ ಇರೋದ್ರಿಂದ ಏನೂ ನಷ್ಟ ಇಲ್ಲ. ವಿಸಿಡಿಗೆ ಈ 2048ರ ದಾರಿ ಆಗಲ್ಲ, ವಿಂಡೋಸಲ್ಲಿ ಐಸೊಬಸ್ಟರ್ ಅನ್ನೋ ಪ್ರೋಗ್ರಾಂ ಹಾಕ್ಕೊಂಡು ಆ ಟ್ರ್ಯಾಕ್ ಮೇಲೆ ರೈಟ್ ಕ್ಲಿಕ್ ಮಾಡಿ ಎಂಪೆಗ್ ಫ್ರೇಮ್‌ಗಳನ್ನ ಮಾತ್ರ ಸೋಸಿ ತೆಗೆಯೋ ಆಯ್ಕೆ ಕೊಡಿ.

ಹ್ಯಾಂಡಿಕ್ಯಾಮಲ್ಲಿ ಹಾಕಿ ತೆಗೀತಿದ್ದ ಚಿಕ್ಕ ಡಿವಿಡಿಗಳು ಕಂಪ್ಯೂಟರಲ್ಲಿ ಖಾಲಿ ಅಂತ ತೋರಿಸಿದ್ರೆ ಬಿಸಾಕಬೇಡಿ, ಫೈನಲೈಸ್ (ಬೇರೆ ಕಡೆ ಓಡೋ ಹಾಗೆ ರೆಕಾರ್ಡಿಂಗ್ ಮುಗಿಸೋದು) ಮಾಡಿರಲ್ಲ ಅಷ್ಟೇ, ಆ ಕ್ಯಾಮೆರಾ ಇನ್ನೂ ಆನ್ ಆಗತ್ತೆ ಅಂದ್ರೆ ಅದರಲ್ಲೇ ಫೈನಲೈಸ್ ಕೊಡಿ, ಇಲ್ಲಾಂದ್ರೆ ಐಸೊಬಸ್ಟರಲ್ಲಿ ನೋಡಿ. ಟೂತ್‌ಪೇಸ್ಟ್ ಹಚ್ಚಿ ಉಜ್ಜೋ ಉಪಾಯಾನ ಎಲ್ಲಾ ಮುಗಿದ್ಮೇಲೆ ಮಾತ್ರ, ಅದೂ ಹೊಳೆಯೋ ಕಡೆ ಗೀರಿಗೆ ಮಾತ್ರ. ಬೆಳಕು ಸೋರೋ ಚುಕ್ಕಿಗೆ ಅದು ಏನೂ ಮಾಡಲ್ಲ.

ಸೈಜ್, ಹೆಸರು, ಜಾಗ

ಸೈಜ್ ಕಮ್ಮಿ ಮಾಡಲೇಬೇಕು ಅಂತಿಲ್ಲ. 150 ಡಿವಿಡಿ, ಒಂದೊಂದು 5 ಜಿಬಿ ಅಂದ್ಕೊಂಡ್ರೂ 750 ಜಿಬಿ, 1 ಟಿಬಿ ಹಾರ್ಡ್ ಡಿಸ್ಕಲ್ಲಿ ಹಿಡಿಯತ್ತೆ. ಮೊಬೈಲಲ್ಲಿ ನೋಡೋಕೆ ಬೇಕು ಅಂದ್ರೆ ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಚಿಕ್ಕದು ಮಾಡೋ ಪ್ರೋಗ್ರಾಮಿಗೆ ಆ ಎಂಕೆವಿ ಫೈಲ್ ಕೊಟ್ಟು, ಪಾಲ್ (ನಮ್ಮ ದೇಶದ ಟೀವಿ ಪದ್ಧತಿ) ಡಿಸ್ಕಾದ್ರೆ 576ರ ಎಚ್‌ಕ್ಯೂ ಪ್ರಿಸೆಟ್, ಎನ್‌ಟಿಎಸ್‌ಸಿ (ಅಮೆರಿಕದ ಪದ್ಧತಿ) ಆದ್ರೆ 480ರದ್ದು ಆರಿಸಿ, ಕ್ವಾಲಿಟಿ ಆರ್‌ಎಫ್ 18ರಿಂದ 20ರೊಳಗೆ ಇಡಿ. ಓಡೋ ದೃಶ್ಯದಲ್ಲಿ ಬಾಚಣಿಗೆ ಹಲ್ಲಿನ ಥರ ಗೆರೆ ಕಾಣ್ತಿದ್ರೆ ಫಿಲ್ಟರ್ಸಲ್ಲಿ ಡೀಕಾಂಬ್ ಆನ್ ಮಾಡಿ. ಮೂಲ ಫೈಲ್ ಮಾತ್ರ ಅಳಿಸಬೇಡಿ.

ಹಾರ್ಡ್ ಡಿಸ್ಕಿನ ಫಾರ್ಮ್ಯಾಟ್ ಎಫ್‌ಎಟಿ32 ಆಗಿದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಅದ್ರಲ್ಲಿ ಹೋಗೋದೇ ಇಲ್ಲ, ಜಾಗ ಇದ್ರೂ ಇಲ್ಲ ಅನ್ನತ್ತೆ. ಎಕ್ಸ್‌ಫ್ಯಾಟ್ ಇಲ್ಲಾ ಎನ್‌ಟಿಎಫ್‌ಎಸ್ ಮಾಡ್ಕೊಳ್ಳಿ, ನಿಮ್ಮ ಟೀವಿ ಯಾವ್ದನ್ನ ಓದತ್ತೆ ಅಂತ ಒಂದು ಪೆನ್‌ಡ್ರೈವಲ್ಲಿ ಮೊದಲೇ ನೋಡ್ಕೊಂಡು.

ಹೆಸರಿಡುವಾಗ ಸಿನಿಮಾ ಹೆಸರಿನ ಪಕ್ಕ ಬಿಡುಗಡೆ ವರ್ಷ ಹಾಕಿ, ಕನ್ನಡದಲ್ಲಿ ಒಂದೇ ಹೆಸರಲ್ಲಿ ಹಳೇದೊಂದು ಹೊಸದೊಂದು ಸಿನಿಮಾ ಇರೋದು ಸಾಮಾನ್ಯ, ಜೆಲ್ಲಿಫಿನ್, ಕೋಡಿ ಥರದ ಸಿನಿಮಾ ಸಂಗ್ರಹ ತೋರಿಸೋ ಪ್ರೋಗ್ರಾಂಗಳಿಗೂ ವರ್ಷ ಇದ್ರೇನೇ ಪೋಸ್ಟರ್ ಸರಿ ಸಿಗೋದು. ವಿಸಿಡಿ ಭಾಗಗಳಿಗೆ ಇಂಗ್ಲಿಷಲ್ಲಿ ಪಾರ್ಟ್1, ಪಾರ್ಟ್2 ಅಂತ ಹಾಕಿ. ಯಕ್ಷಗಾನ, ನಾಟಕ ಆದ್ರೆ ಪ್ರಸಂಗ, ಮೇಳ, ಭಾಗವತರ ಹೆಸರು ಹಾಕಿ. ಮತ್ತೆ ಕವರಿನ ಕಾಗದ ಇದೆಯಲ್ಲ, ಅದನ್ನ ಎರಡೂ ಕಡೆ ಮೊಬೈಲಲ್ಲಿ ಫೋಟೋ ತೆಗೆದು ಅದೇ ಫೋಲ್ಡರಿಗೆ ಹಾಕಿ. ಮದ್ದಳೆ ಯಾರು, ಚಂಡೆ ಯಾರು, ಸ್ತ್ರೀವೇಷ ಯಾರು ಅಂತ ಎಷ್ಟೋ ಸಲ ಆ ಕಾಗದದಲ್ಲಿ ಬಿಟ್ರೆ ಇನ್ನೆಲ್ಲೂ ಬರೆದಿರಲ್ಲ.

ಇಳಿಸಿದ್ದೆಲ್ಲ ಸರಿ ಇದೆಯಾ ಅಂತ ನೋಡೋಕೆ ಪೂರ್ತಿ ಸಿನಿಮಾ ನೋಡೋ ಟೈಮಿಲ್ಲದಿದ್ರೆ ಶುರು, ಇಂಟರ್ವಲ್, ಕೊನೇ ಹತ್ತು ನಿಮಿಷ ಓಡ್ಸಿ. ಕೊನೇದು ಮಾತ್ರ ಬಿಡಬೇಡಿ. ಒಂದು ಹಾರ್ಡ್ ಡಿಸ್ಕಲ್ಲಿ ಮಾತ್ರ ಇಟ್ರೆ ಅದು ಬ್ಯಾಕಪ್ ಅಲ್ಲ, ಅದು ಕೆಳಗೆ ಬಿದ್ರೆ ನೂರೈವತ್ತೂ ಒಟ್ಟಿಗೇ ಹೋಗತ್ತೆ. ಎರಡನೇ ಹಾರ್ಡ್ ಡಿಸ್ಕ್ ತಗೊಂಡು ಅದಕ್ಕೂ ಅಷ್ಟನ್ನೂ ಹಾಕಿ, ಅದನ್ನ ಬೇರೆ ಮನೇಲಿಡಿ, ಊರಲ್ಲಿ ಅಪ್ಪ ಅಮ್ಮನ ಮನೆ ಆದ್ರೆ ಇನ್ನೂ ಒಳ್ಳೇದು. ಡಿಸ್ಕ್‌ಗಳನ್ನ ಎಸೀಬೇಡಿ, ಅವೇ ಮೂಲ, ಗಟ್ಟಿ ಕೇಸಲ್ಲಿ ನಿಲ್ಲಿಸಿ ಬೀರುವಿನಲ್ಲಿಡಿ, ಅಟ್ಟದ ಬಿಸಿಗೆ ವಾಪಸ್ ಹಾಕಬೇಡಿ. ಊರಲ್ಲಿರೋ ಹಾರ್ಡ್ ಡಿಸ್ಕನ್ನ ಹಬ್ಬಕ್ಕೆ ಹೋದಾಗ ಲ್ಯಾಪ್‌ಟಾಪಿಗೆ ಹಾಕಿ ಅಲ್ಲೊಂದು ಇಲ್ಲೊಂದು ಫೈಲ್ ಓಡ್ಸಿ ನೋಡಿ, ಆಮೇಲೆ ಇಳಿಸಿದ್ದು ಹೊಸದೇನಾದ್ರೂ ಇದ್ರೆ ಅದಕ್ಕೂ ಸೇರ್ಸಿಬಿಡಿ.